ತೆಗೆ ಎಂದರೆ ತೆರೆಯುವುದೋ, ಅಳಿಸುವುದೋ?

"ಬಾಗಿಲು ತೆಗಿ" ಎಂದರೆ ಬಾಗಿಲನ್ನು ಕಿತ್ತುಹಾಕು ಎಂದು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ. "ಕಸ ತೆಗಿ" ಎಂದರೆ ಕಸವನ್ನು ಬಿಚ್ಚಿ ನೋಡು ಎಂದೂ ತಿಳಿಯುವುದಿಲ್ಲ. ಕ್ರಿಯಾಪದ ಒಂದೇ. ಒಂದು ಕಡೆ ಅದಕ್ಕೆ ತೆರೆ ಎಂಬ ಅರ್ಥ, ಇನ್ನೊಂದು ಕಡೆ ಇಲ್ಲವಾಗಿಸು ಎಂಬ ಅರ್ಥ. ಎದುರಿಗೆ ಬಾಗಿಲೋ ಕಸವೋ ಇದ್ದಾಗ ಗೊಂದಲವೇ ಇಲ್ಲ. ಆದರೆ ಎದುರಿಗಿರುವುದು ಕಂಪ್ಯೂಟರಿನೊಳಗಿನ ಒಂದು ಫೈಲ್ ಆಗಿದ್ದರೆ?

ಈ ಪ್ರಶ್ನೆಯ ಉತ್ತರವನ್ನು ನಾನು ಕಲಿತದ್ದು ವಿದ್ಯಾರ್ಥಿನಿಯೊಬ್ಬಳಿಗೆ ನಷ್ಟ ಮಾಡಿದ ಮೇಲೆ. ಕೆಲವು ವರ್ಷಗಳ ಹಿಂದಿನ ಮಾತು. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ಅಧ್ಯಯನ ಹಿಡಿದಿದ್ದಳು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ಮೇಲೆ ಊರಿನ ತೆರೆದ ಬಾವಿಗಳಲ್ಲಿ ನೀರಿನ ಮಟ್ಟ ಎಷ್ಟು ದಿನಕ್ಕೆ ಎಷ್ಟು ಏರುತ್ತದೆ ಎಂಬುದು ಅವಳ ವಿಷಯ. ಹಗ್ಗದ ತುದಿಗೆ ಕಲ್ಲು ಕಟ್ಟಿ, ಮುಂಜಾನೆ ಮೂರು ಬಾವಿಗಳಿಗೆ ಇಳಿಬಿಟ್ಟು, ಒದ್ದೆಯಾದ ಗುರುತಿನವರೆಗೆ ಅಳೆಯುವುದು. ಚೀಟಿಯಲ್ಲಿ ಬರೆದುಕೊಂಡು ಬಂದು ಶಾಲೆಯ ಕಂಪ್ಯೂಟರಿನಲ್ಲಿ ಲಿಬ್ರೆಆಫೀಸಿನ ಕೋಷ್ಟಕಕ್ಕೆ ತುಂಬಿ, ಚೀಟಿಯನ್ನು ಎಸೆಯುವುದು. ಹೀಗೆ 24 ದಿನ ನಡೆಯಿತು. ಮೂರು ಬಾವಿ, 72 ಅಳತೆ.

ಇಪ್ಪತ್ತೈದನೆಯ ದಿನ ಅವಳಿಗೆ ಜ್ವರ. ಅವಳ ಬದಲು ಅಂಕಿ ತುಂಬಲು ಗೆಳತಿ ಬಂದಳು. ಕಂಪ್ಯೂಟರಿನ ಪಕ್ಕದ ಗೋಡೆಯ ಮೇಲೆ ನಾನೇ ಕನ್ನಡದಲ್ಲಿ ಬರೆದು ಅಂಟಿಸಿದ ಸೂಚನೆಯ ಹಾಳೆ ಇತ್ತು. ಮೂರನೆಯ ಸೂಚನೆ: ಹಿಂದಿನ ದಿನದ ಫೈಲನ್ನು ತೆಗೆಯಿರಿ. ನಾಲ್ಕನೆಯದು: ಇಂದಿನ ಅಂಕಿಗಳನ್ನು ತುಂಬಿರಿ. ಕೊನೆಯದು: ಕೆಲಸ ಮುಗಿದ ಮೇಲೆ ಕಸದಬುಟ್ಟಿ ಖಾಲಿ ಮಾಡಿ. ಆ ಹುಡುಗಿ ಮೂರನ್ನೂ ಚಾಚೂ ತಪ್ಪದೆ ಪಾಲಿಸಿದಳು. ಹಿಂದಿನ ದಿನದ ಫೈಲನ್ನು ತೆಗೆದಳು, ಅಂದರೆ ಅಳಿಸಿದಳು. ಹೊಸದೊಂದು ಫೈಲಿನಲ್ಲಿ ಆ ದಿನದ ಮೂರು ಅಂಕಿಗಳನ್ನು ತುಂಬಿದಳು. ಕಸದಬುಟ್ಟಿಯನ್ನೂ ಖಾಲಿ ಮಾಡಿ ಹೋದಳು.

ಮರುದಿನ ನಾನು ಗದರಿದಾಗ ಅವಳು ಹೇಳಿದ ಮಾತು ಇಷ್ಟೆ: "ನೀವೇ ತೆಗೀರಿ ಅಂತ ಬರ್ದಿದ್ರಲ್ಲ ಸಾ, ತೆಗ್ದೆ."

ಅವಳದು ತಪ್ಪೇ ಅಲ್ಲ. ನಾಲೆಗೆ ನೀರು ಬಿಟ್ಟ ದಿನ ಬೇಕೆಂದಾಗ ಮತ್ತೆ ಬರುವುದಿಲ್ಲವಾದ್ದರಿಂದ ಆ ವರ್ಷದ ಅಧ್ಯಯನ ಅಲ್ಲಿಗೇ ನಿಂತಿತು. ನಾನು ಹಾಳೆಯನ್ನು ಕಿತ್ತು ತಂದು "ತೆಗೆಯಿರಿ" ಎಂಬುದನ್ನು "ತೆರೆಯಿರಿ" ಎಂದು ತಿದ್ದಿದೆ. ಬದಲಾದದ್ದು ಒಂದೇ ಒಂದು ಅಕ್ಷರ. ಈ ವಾರದ ಅಂಕಣ ಆ ಒಂದು ಅಕ್ಷರದ ಬಗ್ಗೆ, ಮತ್ತು ಅಂಥ ಅಕ್ಷರಗಳನ್ನು ಕಾಯುವ ಕೆಲಸದ ಬಗ್ಗೆ.

ಮುಕ್ತ ತಂತ್ರಾಂಶ ಮತ್ತು ಅದರ ಕೈಪಿಡಿ

ಲಿಬ್ರೆಆಫೀಸ್, ಉಬುಂಟು ಮೊದಲಾದವುಗಳನ್ನು ಮುಕ್ತ ತಂತ್ರಾಂಶಗಳೆಂದು ಕರೆಯುತ್ತಾರೆ. ಇವುಗಳನ್ನು ಯಾರು ಬೇಕಾದರೂ ಬಳಸಬಹುದು, ಒಳಗಿನ ರಚನೆಯನ್ನು ನೋಡಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 'ಗ್ನೂ' ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 'ಲಿನಕ್ಸ್' ಬರೆಯತೊಡಗಿದ. ಅಲ್ಲಿಂದ ಮುಂದೆ ಲಕ್ಷಾಂತರ ಜನರ ಕೈ ಇದಕ್ಕೆ ಕೂಡಿದೆ.

ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೂ ಇದಕ್ಕೂ ನಂಟಿದೆ. 2011ರ ನಂತರದ ವರ್ಷಗಳಲ್ಲಿ ಗಣಿತ, ವಿಜ್ಞಾನ, ಸಮಾಜವಿಜ್ಞಾನ ಶಿಕ್ಷಕರಿಗೆ 'ವಿಷಯ ಶಿಕ್ಷಕರ ವೇದಿಕೆ' ಎಂಬ ತರಬೇತಿ ನಡೆಯಿತು. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ ನಡೆಸಿದ ಕಾರ್ಯಕ್ರಮ ಅದು. ಅಲ್ಲಿ ಬಳಸಿದ್ದು ಉಬುಂಟು. ಅದರ ಜೊತೆಗೇ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ಜಾಲತಾಣವೂ ಬೆಳೆಯಿತು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ಎಂಬ ಮುಕ್ತ ತಂತ್ರಾಂಶದ ಮೇಲೆಯೇ ಅದನ್ನೂ ಕಟ್ಟಲಾಗಿತ್ತು. ಪಾಠಕ್ಕೆ ಬೇಕಾದ ಸಾಮಗ್ರಿಯೂ, ಈ ತಂತ್ರಾಂಶಗಳನ್ನು ಬಳಸುವ ಬಗೆಯೂ ಅದರಲ್ಲಿ ಕನ್ನಡದಲ್ಲಿ ಸೇರಿದವು. ಕರಿಹಲಗೆಯ ಮೇಲೆ ಬರೆದು ಸಂಜೆಗೆ ಒರೆಸಿ ಹೋಗುತ್ತಿದ್ದ ನಮ್ಮಂಥ ಮೇಷ್ಟ್ರುಗಳು, ಬರೆದದ್ದು ಒರೆಸಿಹೋಗದ ಕಡೆ ಬರೆಯಲು ಶುರುಮಾಡಿದೆವು.

ಒರೆಸಿಹೋಗದ ಬರಹಕ್ಕೆ ಒಂದು ತೊಂದರೆಯಿದೆ. ಅದು ನಿಂತಲ್ಲೇ ನಿಂತಿರುತ್ತದೆ, ಅದು ಯಾವುದನ್ನು ಕುರಿತು ಹೇಳುತ್ತದೆಯೋ ಆ ವಸ್ತು ನಡೆದು ಮುಂದೆ ಹೋಗಿರುತ್ತದೆ.

ಉದಾಹರಣೆ ನೋಡಿ. 2010ರ ಉಬುಂಟುವಿನಲ್ಲಿ ಪರದೆಯ ಮೇಲ್ಭಾಗದ ಎಡಮೂಲೆಯಲ್ಲಿ 'ಅಪ್ಲಿಕೇಷನ್ಸ್' ಎಂಬ ಪಟ್ಟಿ ಇತ್ತು. ಎಲ್ಲ ಕೆಲಸವೂ ಅಲ್ಲಿಂದಲೇ ಆರಂಭ. 2011ರ ಏಪ್ರಿಲ್‌ನಲ್ಲಿ ಬಂದ ಆವೃತ್ತಿಯಲ್ಲಿ ಆ ಪಟ್ಟಿ ಹೋಗಿ ಎಡಬದಿಯ ಉದ್ದಕ್ಕೂ ಚಿತ್ರಗಳ ಸಾಲು ಬಂತು. 2017ರಲ್ಲಿ ಮತ್ತೊಮ್ಮೆ ರೂಪ ಬದಲಾಯಿತು. 2010ರ ಸೆಪ್ಟೆಂಬರಿನಲ್ಲಿ ಓಪನ್‌ಆಫೀಸಿನ ಹೆಚ್ಚಿನ ಕೆಲಸಗಾರರು ಬೇರೆಯಾಗಿ ಹೊರಬಂದು ಲಿಬ್ರೆಆಫೀಸ್ ಮಾಡಿದರು. ಆಮೇಲೆ ಉಬುಂಟುವಿನೊಂದಿಗೆ ಬರುತ್ತಿದ್ದುದೂ ಅದೇ. ಈಗ "ಮೇಲಿನ ಎಡಮೂಲೆಯಲ್ಲಿ ಅಪ್ಲಿಕೇಷನ್ಸ್ ಒತ್ತಿ, ಓಪನ್‌ಆಫೀಸ್ ಆರಿಸಿ" ಎಂದು ಬರೆದಿಟ್ಟ ಕನ್ನಡದ ಪುಟವನ್ನು ಯೋಚಿಸಿ. ಬರೆದ ದಿನ ಅದು ಅಪ್ಪಟ ಸತ್ಯ. ಎರಡು ವರ್ಷದ ಮೇಲೆ ಅದರಲ್ಲಿ ಪಟ್ಟಿಯೂ ಇಲ್ಲ, ಹೆಸರೂ ಇಲ್ಲ. ಓದುವ ಮಗು ತನಗೇ ಏನೋ ಗೊತ್ತಾಗುತ್ತಿಲ್ಲ ಎಂದುಕೊಳ್ಳುತ್ತದೆ. ಪುಸ್ತಕದಲ್ಲಿ ಇದೆ, ಪರದೆಯ ಮೇಲೆ ಇಲ್ಲ ಎಂದಾದರೆ ನಮ್ಮ ಮಕ್ಕಳು ಪುಸ್ತಕವನ್ನು ಅನುಮಾನಿಸುವುದಿಲ್ಲ, ತಮ್ಮನ್ನೇ ಅನುಮಾನಿಸುತ್ತಾರೆ. ಹಳೆಯ ಸೂಚನೆಗಳಿಂದ ಆಗುವ ದೊಡ್ಡ ಹಾನಿ ಇದು.

ಕನ್ನಡದ ನಡುವೆ ಇಂಗ್ಲಿಷ್ ಏಕೆ?

ಕನ್ನಡದಲ್ಲಿ ಹೊಂದಿಸಿಕೊಂಡ ಕಂಪ್ಯೂಟರಿನಲ್ಲಿ ಒಮ್ಮೊಮ್ಮೆ ನಡುವೆ ಒಂದು ಇಂಗ್ಲಿಷ್ ವಾಕ್ಯ ತಲೆಹಾಕುವುದನ್ನು ನೀವು ನೋಡಿರಬಹುದು. ಅದು ಅನುವಾದಕರ ಸೋಮಾರಿತನವೆಂದು ನಾನೂ ತಿಳಿದಿದ್ದೆ. ಕಾರಣ ಬೇರೆಯೇ ಇದೆ.

ಅನೇಕ ಮುಕ್ತ ತಂತ್ರಾಂಶಗಳಲ್ಲಿ ಅನುವಾದದ ಕೆಲಸಕ್ಕೆ 'ಗೆಟ್‌ಟೆಕ್ಸ್ಟ್' ಎಂಬ ವ್ಯವಸ್ಥೆಯನ್ನು ಬಳಸುತ್ತಾರೆ. ಅದರ ಕಡತದಲ್ಲಿ ಮೂಲದ ಇಂಗ್ಲಿಷ್ ವಾಕ್ಯ, ಅದರ ಕೆಳಗೆ ಕನ್ನಡದ ವಾಕ್ಯ, ಹೀಗೆ ಜೋಡಿ ಜೋಡಿಯಾಗಿ ಇರುತ್ತವೆ. ಮೂಲದಲ್ಲಿ ಯಾರಾದರೂ ಒಂದು ಪದ ಬದಲಿಸಿದರೆ ಈ ವ್ಯವಸ್ಥೆ ಆ ಜೋಡಿಯ ಮೇಲೆ 'ಫಜ್ಜಿ', ಅಂದರೆ ಮಸುಕು, ಎಂಬ ಗುರುತು ಹಾಕುತ್ತದೆ. ಕನ್ನಡದವರು ಬಂದು ನೋಡಿ, ಬೇಕಾದರೆ ತಿದ್ದಿ, ಗುರುತು ತೆಗೆದುಹಾಕುವವರೆಗೂ ಆ ಕನ್ನಡ ವಾಕ್ಯ ಪರದೆಯ ಮೇಲೆ ಬರುವುದಿಲ್ಲ, ಇಂಗ್ಲಿಷಿನದೇ ಬರುತ್ತದೆ. ತಪ್ಪಾಗಿರಬಹುದಾದ ಕನ್ನಡಕ್ಕಿಂತ ಸರಿಯಾದ ಇಂಗ್ಲಿಷ್ ಮೇಲು ಎಂಬ ಲೆಕ್ಕ. ಅಂದರೆ ಕನ್ನಡ ಒಮ್ಮೆ ಬಂದು ಆಮೇಲೆ ಕಾಣೆಯಾದ ಸಾಲಿನ ಹಿಂದೆ, ನೋಡುವವರು ಇಲ್ಲದೆ ಕಾಯುತ್ತಿರುವ ಒಂದು ಕನ್ನಡ ವಾಕ್ಯ ಇರಬಹುದು.

ಪದಗಳ ವಿಷಯದಲ್ಲಿ ಇನ್ನೊಂದು ಪೇಚಿದೆ. ಫೈಲಿಗೆ ಒಬ್ಬರು ಕಡತ ಎನ್ನುತ್ತಾರೆ, ಇನ್ನೊಬ್ಬರು ಫೈಲ್ ಎಂದೇ ಬಿಡುತ್ತಾರೆ. ಪಾಸ್‌ವರ್ಡ್ ಎಂಬುದಕ್ಕೆ ಗುಪ್ತಪದ, ಪ್ರವೇಶಪದ ಎಂಬ ಎರಡು ಮಾತುಗಳುಂಟು. ಯಾವುದು ಒಳ್ಳೆಯದು ಎಂದು ವಾದ ಮಾಡಬಹುದು, ತಪ್ಪಿಲ್ಲ. ಆದರೆ ಒಂದೇ ಪುಟದ ಮೊದಲ ಸಾಲಿನಲ್ಲಿ ಗುಪ್ತಪದ, ಐದನೆಯ ಸಾಲಿನಲ್ಲಿ ಪ್ರವೇಶಪದ ಎಂದು ಬಂದರೆ ಓದುವವರು ಅವು ಎರಡು ಬೇರೆ ವಸ್ತುಗಳೆಂದೇ ತಿಳಿಯುತ್ತಾರೆ. ವಿಜ್ಞಾನದ ಪಾಠದಲ್ಲಿ ವೇಗ, ಜವ ಎಂಬ ಎರಡು ಪದಗಳನ್ನು ಬೇರೆ ಬೇರೆ ಪರಿಮಾಣಗಳಿಗೆ ಕಟ್ಟುನಿಟ್ಟಾಗಿ ಬಳಸುತ್ತೇವಲ್ಲ, ಹಾಗೆ. ಕತೆ ಬರೆಯುವಾಗ ಒಂದೇ ಪದ ಮರುಕಳಿಸಬಾರದು ಎನ್ನುತ್ತಾರೆ. ಸೂಚನೆ ಬರೆಯುವಾಗ ಒಂದೇ ಪದ ಮರುಕಳಿಸಬೇಕು. ಇಂಥ ಪದಗಳನ್ನು ಭಾರತೀಯ ಭಾಷೆಗಳಲ್ಲಿ ಒಂದು ಅಳತೆಗೆ ತರಲೆಂದೇ 2008ರಲ್ಲಿ 'ಫ್ಯುಯೆಲ್' ಎಂಬ ಮುಕ್ತ ಯೋಜನೆ ಆರಂಭವಾಯಿತು. ತಂತ್ರಾಂಶಗಳಲ್ಲಿ ಪದೇ ಪದೇ ಬರುವ ಮಾತುಗಳ ಪಟ್ಟಿ ಮಾಡಿ, ಆಯಾ ಭಾಷೆಯವರು ಕೂತು ಚರ್ಚಿಸಿ ಒಂದೊಂದಕ್ಕೆ ಒಂದೊಂದು ಪದ ಗೊತ್ತುಮಾಡುವುದು ಅದರ ರೀತಿ.

ಕೊಂಡಿ ಏಕೆ ಕಳಚುತ್ತದೆ?

ಪದಗಳ ಮಾತು ಹೀಗಾಯಿತು. ಕೈಪಿಡಿಯ ಪುಟದಲ್ಲಿ ಪದಗಳಷ್ಟೇ ಬೇಗ ಕೆಡುವ ಇನ್ನೊಂದು ವಸ್ತು ಕೊಂಡಿ. ಪುಟದಲ್ಲಿ ಒಂದು ಮಾತನ್ನು ಒತ್ತಿದರೆ ಇನ್ನೊಂದು ಪುಟಕ್ಕೆ ಹೋಗುತ್ತೇವಲ್ಲ, ಅದೇ ಕೊಂಡಿ, ಇಂಗ್ಲಿಷಿನ ಲಿಂಕ್.

1989ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್‌-ಲೀ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟಾಗ ಅವರು ಕೊಂಡಿಗಳನ್ನು ಏಕಮುಖವಾಗಿಸಿದರು. ನನ್ನ ಪುಟದಿಂದ ನಿಮ್ಮ ಪುಟಕ್ಕೆ ಕೊಂಡಿ ಹಾಕಲು ನಿಮ್ಮನ್ನು ಕೇಳಬೇಕಾಗಿಲ್ಲ, ನಿಮಗೆ ತಿಳಿಯುವುದೂ ಇಲ್ಲ. ಜಾಲ ಇಷ್ಟು ಬೇಗ ಜಗತ್ತನ್ನು ಹಬ್ಬಲು ಇದು ಒಂದು ಮುಖ್ಯ ಕಾರಣ. ಕೊಂಡಿಗಳು ಕಳಚುವುದಕ್ಕೂ ಇದೇ ಕಾರಣ. ನಿಮ್ಮ ಪುಟವನ್ನು ನೀವು ಬೇರೆ ಕಡೆ ಇಟ್ಟರೆ, ಅದರತ್ತ ಬೆರಳು ತೋರಿಸುತ್ತಿರುವ ನನಗೆ ಯಾರೂ ಹೇಳಿಕಳುಹಿಸುವುದಿಲ್ಲ. ನನ್ನ ಬೆರಳು ಖಾಲಿ ಜಾಗವನ್ನು ತೋರಿಸುತ್ತಲೇ ಇರುತ್ತದೆ. ವಿಳಾಸಗಳನ್ನು ಬದಲಿಸಬೇಡಿ ಎಂದು 1998ರಲ್ಲಿ ಬರ್ನರ್ಸ್‌-ಲೀ ಅವರೇ ಒಂದು ಲೇಖನ ಬರೆದು ಕೇಳಿಕೊಂಡರು. ಲೋಕ ಅಷ್ಟಾಗಿ ಕಿವಿಗೊಡಲಿಲ್ಲ.

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇಕಡ 38ರಷ್ಟು ಹತ್ತು ವರ್ಷದ ನಂತರ ಸಿಗುತ್ತಿರಲಿಲ್ಲ. ಇಂಗ್ಲಿಷ್ ವಿಕಿಪೀಡಿಯದ ಪುಟಗಳಲ್ಲಿ ಶೇಕಡ 54ರಲ್ಲಿ ಆಧಾರವಾಗಿ ಕೊಟ್ಟ ಒಂದಾದರೂ ಕೊಂಡಿ ಸತ್ತಿತ್ತು. ಅಷ್ಟೊಂದು ಜನ ಕಾಯುವ ವಿಕಿಪೀಡಿಯದ ಗತಿಯೇ ಹೀಗಾದರೆ, ಒಬ್ಬಿಬ್ಬರು ಮೇಷ್ಟ್ರುಗಳು ಮಾಡಿದ ಪುಟಗಳ ಗತಿ ಏನು?

ಒಂದು ವಿಳಾಸವನ್ನು ಕೇಳಿದಾಗ ಎದುರಿನ ಯಂತ್ರ ಮೂರಂಕಿಯ ಒಂದು ಉತ್ತರ ಕೊಡುತ್ತದೆ. 301 ಎಂದರೆ, ಈ ಮನೆಯವರು ಬೇರೆ ಬೀದಿಗೆ ಹೋಗಿದ್ದಾರೆ, ಹೊಸ ವಿಳಾಸ ಇಗೋ. 404 ಎಂದರೆ, ಅಂಥವರು ಇಲ್ಲಿ ಇಲ್ಲ. 200 ಎಂದರೆ, ಬನ್ನಿ, ಇದ್ದೇವೆ. ಮೊದಲನೆಯದು ಸಭ್ಯರ ನಡವಳಿಕೆ. ಎರಡನೆಯದು ಬೇಸರದ್ದಾದರೂ ಪ್ರಾಮಾಣಿಕ. ಅಪಾಯವಿರುವುದು ಮೂರನೆಯದರಲ್ಲಿ. ಬಾಗಿಲು ತೆರೆಯುತ್ತದೆ, ಒಳಗಿರುವವರು ಬೇರೆಯವರಾಗಿರುತ್ತಾರೆ.

ನನಗೇ ಇದು ಆಗಿದೆ. ಹತ್ತನೆಯ ತರಗತಿಯವರಿಗೆ ಕೊಟ್ಟಿದ್ದ ಟಿಪ್ಪಣಿಯಲ್ಲಿ ಒಳ್ಳೆಯದೊಂದು ತಾಣದ ವಿಳಾಸ ಬರೆದಿದ್ದೆ. ಜಾಲತಾಣದ ಹೆಸರಿಗೆ ಕಾಲಕಾಲಕ್ಕೆ ಹಣ ಕಟ್ಟಿ ನವೀಕರಿಸಬೇಕು. ಅದನ್ನು ನಡೆಸುತ್ತಿದ್ದವರು ಬಿಟ್ಟಿರಬೇಕು, ಬೇರೆ ಯಾರೋ ಆ ಹೆಸರನ್ನು ಕೊಂಡರು. ಮುಂದಿನ ವರ್ಷ ಪೋಷಕರೊಬ್ಬರು ಮೊಬೈಲ್ ಹಿಡಿದು ಸೀದಾ ಶಾಲೆಗೆ ಬಂದರು. ಬೆಳಕಿನ ವಕ್ರೀಭವನದ ಪಾಠ ಇರಬೇಕಾದ ಕಡೆ ದುಡ್ಡು ಕಟ್ಟಿ ಆಡುವ ರಮ್ಮಿಯ ಜಾಹೀರಾತು ಕುಣಿಯುತ್ತಿತ್ತು. "ಇದೇನ್ ಮೇಷ್ಟ್ರೇ, ಇದನ್ನ ಓದ್ಕೊಳಿ ಅಂತ ಬರ್ಕೊಟ್ಟಿದ್ದೀರಾ?" ಎಂದು ಕೇಳಿದರು. ತಲೆ ತಗ್ಗಿಸದೆ ಬೇರೆ ದಾರಿ ಇರಲಿಲ್ಲ. ಕೊಟ್ಟ ಕೊಂಡಿಯನ್ನು ಒಂದು ವರ್ಷ ನಾನು ಒತ್ತಿಯೇ ನೋಡಿರಲಿಲ್ಲ.

ಕೆಲವೊಮ್ಮೆ ವಿಳಾಸವೂ ಸರಿ, ಮನೆಯವರೂ ಅವರೇ, ಆದರೂ ಒಳಗೆ ಹೋಗಲಾಗುವುದಿಲ್ಲ. ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ 'ಫೆಟ್' ಎಂಬ ಯೋಜನೆಯನ್ನು ಅನೇಕ ಶಿಕ್ಷಕರು ಬಲ್ಲರು. ಪರದೆಯ ಮೇಲೆಯೇ ಬಲ್ಬು, ತಂತಿ, ಶುಷ್ಕಕೋಶ ಜೋಡಿಸಿ ಓಮನ ನಿಯಮವನ್ನು ನೋಡಬಹುದು. ಮೊದಲಿನವು ಜಾವಾ ಮತ್ತು ಫ್ಲ್ಯಾಶ್ ಎಂಬ ತಂತ್ರಗಳಲ್ಲಿ ಇದ್ದವು. ಬ್ರೌಸರುಗಳು ಜಾವಾವನ್ನು ಕೈಬಿಟ್ಟವು. ಫ್ಲ್ಯಾಶ್‌ಗೆ ಕೊಡುತ್ತಿದ್ದ ಬೆಂಬಲವನ್ನು ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ಫೆಟ್‌ನವರು ಎಚ್ಚರಿಕೆಯಿಂದ ಬಹಳಷ್ಟನ್ನು ಹೊಸ ತಂತ್ರಕ್ಕೆ ಬರೆದುಕೊಂಡರು, ಮೊಬೈಲಿನಲ್ಲೂ ನಡೆಯುವಂತೆ ಮಾಡಿದರು. ಆದರೆ ನಮ್ಮ ಹಳೆಯ ಪುಟಗಳಲ್ಲಿದ್ದ ಕೊಂಡಿಗಳು ಹಳೆಯ ರೂಪವನ್ನೇ ತೋರಿಸುತ್ತಿದ್ದವು. ಪ್ರಯೋಗ ಅಲ್ಲೇ ಪಕ್ಕದಲ್ಲಿತ್ತು. ದಾರಿ ಮಾತ್ರ ತಪ್ಪಾಗಿತ್ತು.

ಮುದ್ರಿಸಿದ ಕೊಂಡಿಯನ್ನು ತಿದ್ದುವುದು ಹೇಗೆ?

ಪೋಷಕರು ಮಕ್ಕಳ ಪಾಠಪುಸ್ತಕ ತೆರೆದರೆ ಅಧ್ಯಾಯಗಳಲ್ಲಿ ಕಪ್ಪುಬಿಳುಪಿನ ಚೌಕ ಕಾಣುತ್ತಾರೆ. ಅದು ಕ್ಯೂಆರ್ ಕೋಡ್. ಕೇಂದ್ರ ಸರ್ಕಾರ 2017ರ ಸೆಪ್ಟೆಂಬರಿನಲ್ಲಿ ಆರಂಭಿಸಿದ 'ದೀಕ್ಷಾ' ವ್ಯವಸ್ಥೆಯ ಕೊಂಡಿ. ಕಾಗದದ ಮೇಲೆ ಅಚ್ಚಾದ ಕೊಂಡಿಯನ್ನು ತಿದ್ದುವುದು ಹೇಗೆ? ಇಲ್ಲಿ ಒಂದು ಜಾಣತನ ಮಾಡಿದ್ದಾರೆ. ಚೌಕದೊಂದಿಗೆ ಅಕ್ಷರ ಮತ್ತು ಅಂಕಿಗಳು ಸೇರಿದ ಆರು ಚಿಹ್ನೆಗಳ ಸಂಕೇತ ಇರುತ್ತದೆ. ಅದು ಯಾವುದೇ ವಿಡಿಯೋದ ವಿಳಾಸವಲ್ಲ, ಒಂದು ದಾಖಲೆಪುಸ್ತಕದಲ್ಲಿನ ಕ್ರಮಸಂಖ್ಯೆ ಇದ್ದ ಹಾಗೆ. ಆ ಸಂಖ್ಯೆಗೆ ಯಾವ ಸಾಮಗ್ರಿ ಎಂಬುದನ್ನು ದಾಖಲೆಪುಸ್ತಕದಲ್ಲಿ ಬರೆದಿರುತ್ತದೆ. ಸಾಮಗ್ರಿ ಬದಲಾದರೆ ದಾಖಲೆ ತಿದ್ದಿದರಾಯಿತು, ಪುಸ್ತಕ ಮರುಮುದ್ರಣ ಮಾಡಬೇಕಾಗಿಲ್ಲ. ಈ ವ್ಯವಸ್ಥೆ ನಿಂತಿರುವುದೂ ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದಲ್ಲಿ ರೂಪುಗೊಂಡ 'ಸನ್‌ಬರ್ಡ್' ಎಂಬ ಮುಕ್ತ ತಂತ್ರಾಂಶದ ಮೇಲೆ.

ಉಪಾಯ ಚೆನ್ನಾಗಿದೆ. ಆದರೆ ದಾಖಲೆಪುಸ್ತಕವನ್ನು ತಿದ್ದುವವರು ಇರಲೇಬೇಕು ಎಂಬ ಮಾತು ಇಲ್ಲೂ ತಪ್ಪಲಿಲ್ಲ.

ನೀರುಗಂಟಿಯ ಕೆಲಸ

ಮಳವಳ್ಳಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದವರು ನಾವು. ಕನ್ನಂಬಾಡಿಯಲ್ಲಿ ನೀರು ಬಿಟ್ಟರೆಂದು ಪತ್ರಿಕೆಯಲ್ಲಿ ಓದಿದ ಮಾತ್ರಕ್ಕೆ ನಮ್ಮ ಗದ್ದೆಗೆ ನೀರು ಬಂದಂತಲ್ಲ ಎಂಬುದು ನಮಗೆ ಗೊತ್ತು. ನಡುವೆ ಎಲ್ಲೋ ಹೂಳು ತುಂಬಿರುತ್ತದೆ, ತೂಬಿನ ಬಾಗಿಲು ಕೆಟ್ಟಿರುತ್ತದೆ, ಏರಿ ಕುಸಿದಿರುತ್ತದೆ. ನಾಲೆಯನ್ನು ಯೋಜಿಸಿದ ಇಂಜಿನಿಯರರ ಹೆಸರು ನಾಲೆಗೇ ಇದೆ. ಗುದ್ದಲಿ ಹೆಗಲಿಗಿಟ್ಟು ಬೆಳಗ್ಗೆ ಅದರ ಉದ್ದಕ್ಕೂ ನಡೆದು ಹೋಗುವ ನೀರುಗಂಟಿಯ ಹೆಸರು ಎಲ್ಲೂ ಬರೆದಿರುವುದಿಲ್ಲ. ಅವನು ನಡೆಯದಿದ್ದರೆ ನೀರು ಬರುವುದಿಲ್ಲ ಅಷ್ಟೆ.

ಮುಕ್ತ ತಂತ್ರಾಂಶಗಳ ಕೈಪಿಡಿಗೂ ಇಂಥ ನಡೆಯುವವರು ಬೇಕು. ಕೆಲಸದ ಒಂದು ಭಾಗವನ್ನು ಯಂತ್ರ ಮಾಡುತ್ತದೆ. 'ಲಿಂಕ್‌ಚೆಕರ್' ಎಂಬಂಥ ಉಚಿತ ಸಾಧನಗಳು ಒಂದು ತಾಣದ ಪ್ರತಿಯೊಂದು ಕೊಂಡಿಯನ್ನೂ ತಾವೇ ತಟ್ಟಿ ನೋಡಿ, 404 ಬಂದವುಗಳ ಪಟ್ಟಿ ಕೊಡುತ್ತವೆ. ಬ್ರೂಸ್ಟರ್ ಕಾಲ್ 1996ರಲ್ಲಿ ಸ್ಥಾಪಿಸಿದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆ ಜಾಲಪುಟಗಳ ಹಳೆಯ ಪ್ರತಿಗಳನ್ನು ಕೂಡಿಡುತ್ತದೆ. ಅದರ 'ವೇಬ್ಯಾಕ್ ಮಷೀನ್' 2001ರಿಂದ ಎಲ್ಲರಿಗೂ ತೆರೆದಿದೆ. ವಿಕಿಪೀಡಿಯದಲ್ಲಿ ಸತ್ತಿದ್ದ 90 ಲಕ್ಷಕ್ಕೂ ಹೆಚ್ಚು ಕೊಂಡಿಗಳನ್ನು ಈ ಪ್ರತಿಗಳ ನೆರವಿನಿಂದ ಉಳಿಸಿದ್ದೇವೆಂದು ಆ ಸಂಸ್ಥೆ 2018ರಲ್ಲಿ ತಿಳಿಸಿತು.

ಆದರೆ 200 ಎಂದು ಉತ್ತರ ಕೊಟ್ಟು ರಮ್ಮಿ ತೋರಿಸುವ ಕೊಂಡಿಯ ಮುಂದೆ ಇಂಥ ಸಾಧನ ಸುಮ್ಮನೆ ತಲೆಯಾಡಿಸಿ ಮುಂದೆ ಹೋಗುತ್ತದೆ. "ತೆಗೆಯಿರಿ" ಎಂಬ ಪದದ ಮುಂದೆಯೂ ಅಷ್ಟೆ. ಅಲ್ಲಿ ಕಾಗುಣಿತ ತಪ್ಪಿಲ್ಲ, ವ್ಯಾಕರಣ ತಪ್ಪಿಲ್ಲ. ತಪ್ಪಿರುವುದು ಓದುವವರ ತಲೆಯೊಳಗೆ ಆ ಪದ ಏನಾಗುತ್ತದೆ ಎಂಬಲ್ಲಿ. ಅದನ್ನು ಹಿಡಿಯಲು ಕನ್ನಡ ಆಡಿ ಬೆಳೆದವರೇ ಬೇಕು. ಅಮೆರಿಕದಲ್ಲೋ ಜರ್ಮನಿಯಲ್ಲೋ ಕೂತ ಎಂಥ ಪ್ರಚಂಡ ತಂತ್ರಜ್ಞನಿಗೂ ಅದು ಕಾಣುವುದಿಲ್ಲ.

ಕೊಂಡಿ ಮತ್ತು ಪದ ಎರಡೂ ಕೂಡುವ ಒಂದು ಚಿಕ್ಕ ಸಂಗತಿ ಹೇಳುತ್ತೇನೆ. "ಹೆಚ್ಚಿನ ಮಾಹಿತಿಗೆ ಇಲ್ಲಿ ಒತ್ತಿ" ಎಂದು ಬರೆದು 'ಇಲ್ಲಿ' ಎಂಬ ಪದಕ್ಕೆ ಕೊಂಡಿ ಹಾಕುವುದು ನಮ್ಮೆಲ್ಲರ ಅಭ್ಯಾಸ. ಕಣ್ಣು ಕಾಣದವರು ಪರದೆಯನ್ನು ಓದಿ ಹೇಳುವ ತಂತ್ರಾಂಶ ಬಳಸುತ್ತಾರೆ. ಆಸ್ಟ್ರೇಲಿಯದ ದೃಷ್ಟಿಹೀನ ಯುವಕ ಮೈಕಲ್ ಕರನ್ 2006ರಲ್ಲಿ ಬರೆಯಲು ಆರಂಭಿಸಿದ 'ಎನ್‌ವಿಡಿಎ' ಅಂಥದೊಂದು ಮುಕ್ತ ತಂತ್ರಾಂಶ. ಕನ್ನಡವನ್ನೂ ಅದು ಓದುತ್ತದೆ. ಪುಟದ ಕೊಂಡಿಗಳನ್ನಷ್ಟೇ ಪಟ್ಟಿ ಮಾಡಿ ಹೇಳು ಎಂದರೆ ಆ ಪುಟದಲ್ಲಿ ಅವರಿಗೆ ಕೇಳುವುದೇನು? ಇಲ್ಲಿ, ಇಲ್ಲಿ, ಇಲ್ಲಿ, ಇಲ್ಲಿ. ಅದರ ಬದಲು "ಓಮನ ನಿಯಮದ ಪ್ರಯೋಗ" ಎಂಬ ಮಾತಿಗೇ ಕೊಂಡಿ ಹಾಕಿದರೆ ಎಲ್ಲಿಗೆ ಹೋಗುತ್ತೇವೆಂದು ಅವರಿಗೂ ತಿಳಿಯುತ್ತದೆ. ಮುಂದೆ ಆ ಕೊಂಡಿ ಕಳಚಿದಾಗ, ಅಲ್ಲಿ ಏನಿತ್ತು, ಹೊಸದಾಗಿ ಏನನ್ನು ಹುಡುಕಬೇಕು ಎಂಬುದು ತಿದ್ದುವವರಿಗೂ ತಿಳಿಯುತ್ತದೆ. ಒಂದು ಕಡೆ ಮಾಡಿದ ಉಪಕಾರ ಎರಡು ಕಡೆ ಫಲ ಕೊಡುತ್ತದೆ.

ಮಾರ್ಕ್ಸ್ ಬತ್ತದಾ?

ಪೋಷಕರ ಸಭೆಯಲ್ಲಿ ಈ ವಿಷಯ ಹೇಳಿದಾಗ ತಂದೆಯೊಬ್ಬರು ನೇರವಾಗಿಯೇ ಕೇಳಿದರು: "ಮೇಷ್ಟ್ರೇ, ಇದ್ರಿಂದ ಮಾರ್ಕ್ಸ್ ಬತ್ತದಾ?"

ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಲ್ಲಿ ಇದು ಇಲ್ಲ. ಆದರೆ ಎರಡು ಮಾತು ಹೇಳಬೇಕು. ಕಂಪ್ಯೂಟರ್ ಕಲಿಯಬೇಕೆನ್ನುವ ಮಕ್ಕಳು ದೊಡ್ಡ ಯೋಜನೆಗಳ ಬಾಗಿಲಲ್ಲೇ ಹೆದರಿ ನಿಲ್ಲುತ್ತಾರೆ. ಪ್ರೋಗ್ರಾಂ ಬರೆಯಲು ಬಾರದವರಿಗೂ ಆ ಬಾಗಿಲು ತೆರೆದಿರುವುದು ಕೈಪಿಡಿಯ ಕಡೆಯಿಂದ. ಒಂದು ಸತ್ತ ಕೊಂಡಿಯನ್ನು ತಿಳಿಸುವುದಕ್ಕೆ, ಒಂದು ತಪ್ಪು ಪದವನ್ನು ತಿದ್ದುವುದಕ್ಕೆ ಯಾವ ಪದವಿಯೂ ಬೇಡ. ಅನೇಕ ಮುಕ್ತ ಯೋಜನೆಗಳು ಹೊಸಬರಿಗೆ ಮೊದಲ ಕೆಲಸವಾಗಿ ಇದನ್ನೇ ಸೂಚಿಸುತ್ತವೆ. ಅಲ್ಲಿ ಯಾರು ಯಾವ ದಿನ ಯಾವ ಅಕ್ಷರ ತಿದ್ದಿದರು ಎಂಬುದು ದಾಖಲಾಗಿ ಉಳಿಯುತ್ತದೆ. ತಿದ್ದಿದ್ದು ತಪ್ಪಾದರೆ ಹಿಂದಿನ ರೂಪಕ್ಕೆ ಮರಳಿಸಬಹುದು. ಹೆದರಿಕೆ ಬೇಡ.

ಎರಡನೆಯದು, ತಪ್ಪನ್ನು ತಿಳಿಸುವ ರೀತಿ. "ನಿಮ್ಮ ಪುಟ ಸರಿಯಿಲ್ಲ" ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಯಾವ ಪುಟ, ಯಾವ ಸಾಲು, ಈಗ ಏನಿದೆ, ಏನಿರಬೇಕು, ನಾನು ಯಾವ ದಿನ ಯಾವ ಸಾಧನದಲ್ಲಿ ನೋಡಿದೆ, ಇಷ್ಟನ್ನು ಬರೆಯಬೇಕು. ಇದು ಪ್ರಯೋಗಾಲಯದ ದಾಖಲೆ ಪುಸ್ತಕದ ಕ್ರಮವೇ ಅಲ್ಲವೆ? ಉದ್ದೇಶ, ವಿಧಾನ, ವೀಕ್ಷಣೆ, ನಿರ್ಣಯ. ಮಕ್ಕಳು ಅದನ್ನು ಗೈಡ್ ನೋಡಿ ನಕಲು ಮಾಡುತ್ತಾರೆ. ಇಲ್ಲಿ ನಕಲು ಮಾಡಲು ಗೈಡ್ ಇಲ್ಲ, ಕಂಡದ್ದನ್ನೇ ಬರೆಯಬೇಕು. ಹೀಗೆ ಆರು ವರದಿ ಬರೆದ ಹುಡುಗನಿಗೆ ವಿಜ್ಞಾನದ ಉತ್ತರಪತ್ರಿಕೆ ಬರೆಯುವುದು ಕಷ್ಟವಾದದ್ದನ್ನು ನಾನು ಕಂಡಿಲ್ಲ.

ಈ ವಾರ ಮಾಡಿ ನೋಡಿ

ಒಂದು: ನಿಮ್ಮ ವಿಜ್ಞಾನ ಪಾಠಪುಸ್ತಕದಲ್ಲಿರುವ ಕ್ಯೂಆರ್ ಕೋಡುಗಳನ್ನು ಅಪ್ಪನ ಅಥವಾ ಅಮ್ಮನ ಮೊಬೈಲಿನಲ್ಲಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದಾಗಿ ತೆರೆದು ನೋಡಿ. ಪುಟಸಂಖ್ಯೆ, ಆರು ಚಿಹ್ನೆಯ ಸಂಕೇತ, ದಿನಾಂಕ, ತೆರೆದಾಗ ಬಂದದ್ದು ಏನು, ಅದು ಪಾಠಕ್ಕೆ ಹೊಂದುತ್ತದೆಯೇ, ಹೀಗೆ ಐದು ಅಂಕಣಗಳ ಕೋಷ್ಟಕ ಬರೆಯಿರಿ. ಪುಸ್ತಕ ಮುಗಿಯುವ ಹೊತ್ತಿಗೆ ನಿಮ್ಮ ಶಿಕ್ಷಕರಿಗೆ ಕೊಡಬಹುದಾದ ನಿಜವಾದ ವರದಿಯೊಂದು ನಿಮ್ಮ ಕೈಯಲ್ಲಿರುತ್ತದೆ.

ಎರಡು: ರಾಗಿಮುದ್ದೆ ಮಾಡುವ ವಿಧಾನವನ್ನು ಹತ್ತು ಸಾಲಿನಲ್ಲಿ ಬರೆಯಿರಿ. ಎಂದೂ ಮುದ್ದೆ ಮಾಡದ ಅಣ್ಣನಿಗೋ ಬೆಂಗಳೂರಿನಿಂದ ಬಂದ ನೆಂಟರ ಹುಡುಗನಿಗೋ ಅದನ್ನು ಕೊಟ್ಟು, ಅಮ್ಮನನ್ನು ಹತ್ತಿರ ನಿಲ್ಲಿಸಿಕೊಂಡು, ಬರೆದಂತೆಯೇ ಮಾಡಲು ಹೇಳಿ. ನೀವು ಬಾಯಿ ಬಿಡಬಾರದು. "ಹದವಾಗಿ ತಿರುವಿ" ಎಂದು ಬರೆದಿದ್ದರೆ ಎಷ್ಟು ಹೊತ್ತು ಎಂದು ಅವನು ನಿಮ್ಮ ಮುಖ ನೋಡುತ್ತಾನೆ. ಅವನು ನಿಂತ ಪ್ರತಿಯೊಂದು ಸಾಲಿಗೂ ಗುರುತು ಹಾಕಿ, ತಿದ್ದಿ, ಇನ್ನೊಮ್ಮೆ ಬೇರೆಯವರಿಗೆ ಕೊಡಿ. ಮುದ್ದೆ ಗಂಟುಗಂಟಾದರೆ ಮಾಡಿದವನನ್ನು ಬೈಯಬೇಡಿ, ಬರೆದದ್ದನ್ನು ನೋಡಿ.

ನಮ್ಮ ಶಾಲೆಯ ಗೋಡೆಯ ಮೇಲೆ ಆ ಸೂಚನೆಯ ಹಾಳೆ ಇಂದೂ ಇದೆ, ಈಗ ಅದರ ಒಂಬತ್ತನೆಯ ರೂಪ. ಬಾವಿಯ ಹುಡುಗಿ ಮುಂದಿನ ವರ್ಷ ನಾಲೆಗೆ ನೀರು ಬಂದಾಗ ಮತ್ತೆ ಮೊದಲಿನಿಂದ ಅಳೆದಳು. ಈ ಸಲ ಚೀಟಿಗಳನ್ನು ಎಸೆಯಲಿಲ್ಲ. ಹಾಳೆಯ ಎರಡನೆಯ ರೂಪವನ್ನು ತಿದ್ದಿಕೊಟ್ಟವಳು, ಫೈಲನ್ನು ಅಳಿಸಿದ್ದ ಅವಳ ಗೆಳತಿ.